ಹಿಮ ಯಾವಾಗ ಬೀಳುತ್ತದೆಂದು ಎಲ್ಲರಿಗೂ ಗೊತ್ತು

ಕೇಳುಗರೆಲ್ಲರಿಗೂ ನಮಸ್ಕಾರ.

ಅಮೆರಿಕದ ನ್ಯೂಜೆರ್ಸಿಯಲ್ಲಿರುವ ಅಕ್ಕನ ಮನೆಯಲ್ಲಿ ಒಂದು ಚಳಿಗಾಲ ಕಳೆದಾಗ, ಸಂಜೆ ಐದಕ್ಕೇ ಕತ್ತಲಾಗುವ ಆ ದಿನಗಳಲ್ಲಿ, ಟಿವಿಯಲ್ಲಿ ಒಂದರ ಹಿಂದೊಂದರಂತೆ ಬರುತ್ತಿದ್ದ ಕ್ರಿಸ್‌ಮಸ್ ಪ್ರೇಮಕಥೆಗಳನ್ನು ನೋಡುವ ಅಭ್ಯಾಸ ನನಗೂ ಅಂಟಿಕೊಂಡಿತು. ಚಿತ್ರಮಂದಿರದ ಮುಖವನ್ನೇ ಕಾಣದೆ, ಟಿವಿಗೆಂದೇ ತಯಾರಾಗುವ ಈ ಚಿತ್ರಗಳಲ್ಲಿ ಒಂದನ್ನು ನೋಡಿದವರು ನೂರನ್ನು ನೋಡಿದಂತೆಯೇ ಸರಿ. ಆದರೂ ಒಂದನ್ನು ನೋಡಿದವರು ಎರಡನೆಯದಕ್ಕೆ ಕೂರದೆ ಇರುವುದಿಲ್ಲ. ಇಂದು ನಾನು ಮಾತಾಡಬೇಕೆಂದಿರುವುದು ಈ ಸೋಜಿಗದ ಬಗ್ಗೆ.

ಕಥೆಯ ಎಳೆ ಇಷ್ಟೇ. ನ್ಯೂಯಾರ್ಕಿನಂಥ ನಗರದಲ್ಲಿ ದೊಡ್ಡ ಕೆಲಸದಲ್ಲಿರುವ ತರುಣಿ, ಡಿಸೆಂಬರಿನಲ್ಲಿ ಯಾವುದೋ ನೆಪಕ್ಕೆ ತಾನು ಹುಟ್ಟಿದ ಪುಟ್ಟ ಊರಿಗೆ ಬರುತ್ತಾಳೆ. ಅಲ್ಲಿ ಒಂದು ಬೇಕರಿಯೋ, ಹಳೆಯ ವಸತಿಗೃಹವೋ, ಕ್ರಿಸ್‌ಮಸ್ ಮರಗಳನ್ನು ಬೆಳೆಯುವ ತೋಟವೋ ಇನ್ನೇನು ಪರರ ಪಾಲಾಗುವುದರಲ್ಲಿರುತ್ತದೆ. ಅದನ್ನು ಉಳಿಸಲು ಹೆಣಗುವ, ಚೌಕಳಿ ಅಂಗಿ ತೊಟ್ಟ ಗಂಡಸು ಹೆಚ್ಚಾಗಿ ಹೆಂಡತಿಯನ್ನು ಕಳೆದುಕೊಂಡವನು. ಅವನಿಗೊಬ್ಬ ಚೂಟಿಯಾದ ಮಗಳು. ನಗರದಲ್ಲಿ ನಾಯಕಿಗೊಬ್ಬ ಪ್ರಿಯಕರನಿದ್ದರೆ ಅವನ ಕಿವಿಯಿಂದ ಫೋನು ಇಳಿಯುವುದೇ ಇಲ್ಲ, ಹಾಗಾಗಿ ಅವನ ಬಗ್ಗೆ ನಾವು ಮರುಗುವ ಪ್ರಮೇಯವೂ ಬರುವುದಿಲ್ಲ. ಚಿತ್ರದ ನಡುಮಧ್ಯದಲ್ಲಿ ನಾಯಕ ನಾಯಕಿಯರ ತುಟಿಗಳು ಇನ್ನೇನು ಸೇರಬೇಕೆನ್ನುವಾಗ ಯಾರೋ ಬಾಗಿಲು ತಟ್ಟುತ್ತಾರೆ. ಮುಕ್ಕಾಲು ಪಾಲು ಮುಗಿದಾಗ ಅರ್ಧಂಬರ್ಧ ಕೇಳಿಸಿಕೊಂಡ ಮಾತೊಂದರಿಂದ ಮನಸ್ಸು ಮುರಿಯುತ್ತದೆ. ಊರ ಚೌಕದಲ್ಲಿ ಮರಕ್ಕೆ ದೀಪ ಹಚ್ಚುವ ಹೊತ್ತಿಗೆ ಎಲ್ಲವೂ ಸರಿಹೋಗಿ, ಕೊನೆಯ ನಿಮಿಷದಲ್ಲಿ ಮುತ್ತು ಬೀಳುತ್ತದೆ, ಅದರ ಬೆನ್ನಿಗೇ ಹಿಮವೂ ಬೀಳುತ್ತದೆ.

ಈ ಬಗೆಯ ಚಿತ್ರಗಳಿಗೆ ಅತ್ಯಂತ ಹೆಸರಾದ ಹಾಲ್‌ಮಾರ್ಕ್ ವಾಹಿನಿಯ ಮೂಲವನ್ನು ಹುಡುಕಿದರೆ ಈ ಸಿದ್ಧರೂಪದ ಗುಟ್ಟು ಅರ್ಧ ಬಯಲಾಗುತ್ತದೆ. ಅದರ ಮಾತೃಸಂಸ್ಥೆ 1910ರಲ್ಲಿ ಜಾಯ್ಸ್ ಹಾಲ್ ಎಂಬ ಯುವಕ ಕ್ಯಾನ್ಸಸ್ ಸಿಟಿಯಲ್ಲಿ ಪೋಸ್ಟ್‌ಕಾರ್ಡ್ ಮಾರುವುದರೊಂದಿಗೆ ಆರಂಭಿಸಿ, ಮುಂದೆ ಗ್ರೀಟಿಂಗ್ ಕಾರ್ಡಿನ ವ್ಯಾಪಾರದಲ್ಲಿ ಬೆಳೆದದ್ದು. ಟಿವಿಯೊಡನೆ ಅದರ ನಂಟೂ ಹಳೆಯದೇ: 1951ರ ಕ್ರಿಸ್‌ಮಸ್ ಮುನ್ನಾದಿನದ ರಾತ್ರಿ, ಟಿವಿಗೆಂದೇ ರಚಿತವಾದ, ಸಂಗೀತ ಸಂಯೋಜಕ ಮೆನೋಟ್ಟಿಯ ಒಪೆರಾ, ಅಂದರೆ ಹಾಡಿನಲ್ಲೇ ಸಾಗುವ ನಾಟಕವೊಂದು, ಎನ್‌ಬಿಸಿ ವಾಹಿನಿಯಲ್ಲಿ ಇದೇ ಸಂಸ್ಥೆಯ ಪ್ರಾಯೋಜಕತ್ವದಲ್ಲಿ ಬಿತ್ತರವಾಯಿತು. ಹಾಲ್‌ಮಾರ್ಕ್ ಹೆಸರಿನ ವಾಹಿನಿ ಅಮೆರಿಕದಲ್ಲಿ ಬಂದದ್ದು 2001ರಲ್ಲಿ; ಅಕ್ಟೋಬರಿನಿಂದಲೇ ಕ್ರಿಸ್‌ಮಸ್ ಚಿತ್ರಗಳನ್ನು ಸಾಲುಸಾಲಾಗಿ ತೋರಿಸುವ ಈಗಿನ ಹಬ್ಬದ ಮೂಲ 2009ರಲ್ಲಿದೆ. ಹತ್ತು ವರ್ಷಗಳಲ್ಲಿ, ಅಂದರೆ 2019ರ ವೇಳೆಗೆ, ಅದು ತನ್ನ ಎರಡು ವಾಹಿನಿಗಳಿಗಾಗಿ ಒಂದೇ ಋತುವಿನಲ್ಲಿ 40 ಹೊಸ ಚಿತ್ರಗಳನ್ನು ತರುವಷ್ಟು ಬೆಳೆದಿತ್ತು.

ನಮ್ಮ ಊರುಗಳಲ್ಲಿ ಡಿಸೆಂಬರ್ ಬಂತೆಂದರೆ ಅಂಗಡಿಗಳ ಮುಂದೆ ಹಗ್ಗಕ್ಕೆ ತೂಗುಬಿಡುತ್ತಿದ್ದ ಗ್ರೀಟಿಂಗ್ ಕಾರ್ಡುಗಳು ಹಿರಿಯ ಕೇಳುಗರಿಗೆ ನೆನಪಿರಬಹುದು. ಅಂಚೆಯವನು ತಂದುಕೊಟ್ಟ ಕಾರ್ಡನ್ನು ತೆರೆಯುವ ಮೊದಲೇ ಒಳಗೇನು ಅಚ್ಚಾಗಿದೆ ಎಂದು ನಮಗೆ ಗೊತ್ತಿರುತ್ತಿತ್ತು, ಆದರೂ ಬಾರದಿದ್ದರೆ ಬೇಸರವಾಗುತ್ತಿತ್ತು. ಕಾರ್ಡಿನಲ್ಲಿ ಹೊಸ ಸಮಾಚಾರವನ್ನು ಯಾರೂ ಹುಡುಕುತ್ತಿರಲಿಲ್ಲ. ಈ ವರ್ಷವೂ ಬಂತಲ್ಲ ಎಂಬುದೇ ಅದರ ಸಮಾಚಾರ. ಕಾರ್ಡು ಮಾಡಿ ಗೆದ್ದ ಸಂಸ್ಥೆ ಎಂಬತ್ತೈದು ನಿಮಿಷಗಳ, ಚಲಿಸುವ ಕಾರ್ಡನ್ನೇ ಮಾಡಿದೆ ಎಂದುಕೊಂಡರೆ, ಇವುಗಳನ್ನು ಸಿನಿಮಾದ ತಕ್ಕಡಿಯಲ್ಲಿ ತೂಗಿ ಹಳಿಯುವ ವಿಮರ್ಶಕರ ಸಿಟ್ಟು ಯಾಕೆ ಪ್ರೇಕ್ಷಕರನ್ನು ಮುಟ್ಟುವುದಿಲ್ಲ ಎಂಬುದು ತಿಳಿಯುತ್ತದೆ.

ಗೊತ್ತಿರುವ ಕಥೆಯನ್ನೇ ಮತ್ತೆ ಮತ್ತೆ ನೋಡುವ ವಿಷಯ ಬಂದಾಗ ನಮ್ಮವರು ಯಕ್ಷಗಾನದ ಹೋಲಿಕೆ ಕೊಡುವುದುಂಟು. ನಾನೂ ಮೊದಲು ಹಾಗೆಯೇ ಯೋಚಿಸಿದ್ದೆ, ಆದರೆ ಅದು ಹೊಂದಿಕೊಳ್ಳುವುದಿಲ್ಲ. ತಾಳಮದ್ದಳೆಯಲ್ಲಿ ಕರ್ಣ ಸಾಯುತ್ತಾನೆಂಬುದು ಗೊತ್ತಿದ್ದರೂ, ಆ ರಾತ್ರಿ ಅರ್ಥಧಾರಿ ಯಾವ ಮಾತು ತೆಗೆಯುತ್ತಾನೆ, ಎದುರಾಳಿ ಅದಕ್ಕೆ ಹೇಗೆ ಕೊಂಡಿ ಹಾಕುತ್ತಾನೆ ಎಂಬುದು ಯಾರಿಗೂ ಗೊತ್ತಿರುವುದಿಲ್ಲ. ಕೇಳುಗರು ನಿದ್ದೆಗೆಡುವುದು ಅದಕ್ಕಾಗಿ. ಈ ಚಿತ್ರಗಳಲ್ಲಿ ಮಾತೂ ಗೊತ್ತು, ಮೌನವೂ ಗೊತ್ತು. ಮಗುವನ್ನು ಮಲಗಿಸುವ ಜೋಗುಳಕ್ಕೆ ಇವು ಹೆಚ್ಚು ಹತ್ತಿರ.

ತಯಾರಿಕೆಯ ಕ್ರಮವೂ ಈ ಸಿದ್ಧರೂಪಕ್ಕೆ ಒತ್ತಾಸೆಯಾಗಿದೆ. ಎರಡು ಗಂಟೆಯ ಅವಧಿಯಲ್ಲಿ ಜಾಹೀರಾತಿಗೆ ಜಾಗ ಬಿಡಬೇಕಾದ್ದರಿಂದ ಕಥೆಯನ್ನು ಒಂಬತ್ತು ಅಂಕಗಳಾಗಿ ಸೀಳಿ, ಪ್ರತಿ ಅಂಕದ ತುದಿಗೆ ಒಂದು ಪುಟ್ಟ ಆತಂಕವನ್ನು ಕಟ್ಟುತ್ತಾರೆ. ಅಡುಗೆಮನೆಗೆ ಹೋಗಿ ಒಗ್ಗರಣೆ ಹಾಕಿ ಬಂದವರಿಗೂ ಕಥೆ ಕೈತಪ್ಪಬಾರದು. ಚಿತ್ರೀಕರಣಕ್ಕೆ ಸಿಗುವುದು ಸುಮಾರು ಹದಿನೈದು ದಿನ. ತೆರಿಗೆಯ ರಿಯಾಯಿತಿ ಮತ್ತು ಅಗ್ಗದ ಕೆನಡಾ ಡಾಲರಿನ ಕಾರಣಕ್ಕೆ ಬಹುಪಾಲು ಚಿತ್ರಗಳು ಕೆನಡಾದಲ್ಲಿ ತಯಾರಾಗುತ್ತವೆ; ಅಮೆರಿಕದ ಹಳ್ಳಿಯೆಂದು ನಾವು ನಂಬಿದ ಬೀದಿ ಎಷ್ಟೋ ಸಲ ವ್ಯಾಂಕೂವರ್ ಬಳಿಯ ಫೋರ್ಟ್ ಲ್ಯಾಂಗ್ಲಿಯದಾಗಿರುತ್ತದೆ. ಡಿಸೆಂಬರಿಗೆ ಮೊದಲೇ ಸಿದ್ಧವಾಗಬೇಕಾದ್ದರಿಂದ ಕೆಲವನ್ನು ನಡುಬೇಸಿಗೆಯಲ್ಲೇ ತೆಗೆಯುತ್ತಾರೆ: ನೊರೆ, ಹತ್ತಿ, ಪುಡಿಮಾಡಿದ ಮಂಜುಗಡ್ಡೆಗಳೇ ಹಿಮವಾಗುತ್ತವೆ, ನಟರು ಉಣ್ಣೆಯ ಕೋಟಿನೊಳಗೆ ಬೆವರುತ್ತಲೇ ಚಳಿಗೆ ನಡುಗುತ್ತಾರೆ. ಅವರ ನಟನೆಯನ್ನು ಹಗುರವಾಗಿ ಕಾಣುವವರು ಈ ಒಂದು ವಿಷಯವನ್ನಾದರೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಎಲ್ಲರ ಹಬ್ಬವೆಂದು ಹೇಳಿಕೊಳ್ಳುವ ಈ ಊರುಗಳಲ್ಲಿ ಬಹುಕಾಲ ಬಿಳಿಯರದೇ ಮುಖ್ಯಪಾತ್ರಗಳಾಗಿದ್ದವು ಎಂಬ ದೂರು ನ್ಯಾಯವಾದದ್ದು. 2019ರ ಡಿಸೆಂಬರಿನಲ್ಲಿ ಇಬ್ಬರು ವಧುಗಳು ಮುತ್ತಿಡುವ ಜಾಹೀರಾತೊಂದನ್ನು ತೆಗೆದುಹಾಕಿದ ವಾಹಿನಿ, ಕೆಲವೇ ದಿನಗಳಲ್ಲಿ ಕ್ಷಮೆ ಕೇಳಿ ನಿಲುವು ಬದಲಿಸಬೇಕಾಯಿತು. 2022ರಲ್ಲಿ ಇಬ್ಬರು ಗಂಡಸರ ಪ್ರೇಮವನ್ನೇ ಕೇಂದ್ರವಾಗಿಸಿದ ಚಿತ್ರವನ್ನೂ ತೋರಿಸಿತು. ಜೋಡಿ ಬದಲಾಯಿತು, ಅಂಕಗಳು ಬದಲಾಗಲಿಲ್ಲ.

ಇವುಗಳ ಸೆಳೆತದ ನಿಜವಾದ ಪರೀಕ್ಷೆ ನಡೆದದ್ದು 2020ರ ಮಾರ್ಚಿನಲ್ಲಿ. ಕೊರೊನಾ ಭಯದಿಂದ ಅಮೆರಿಕದ ಮನೆಗಳ ಬಾಗಿಲು ಮುಚ್ಚುತ್ತಿದ್ದ ಆ ವಾರಾಂತ್ಯದಲ್ಲಿ, ಹಬ್ಬಕ್ಕೆ ಒಂಬತ್ತು ತಿಂಗಳಿರುವಾಗಲೇ, ವಾಹಿನಿ ಹಳೆಯ ಕ್ರಿಸ್‌ಮಸ್ ಚಿತ್ರಗಳನ್ನು ಸಾಲಾಗಿ ಹಾಕಿತು. ನಾಳೆ ಏನಾಗುತ್ತದೆಂದು ಯಾರಿಗೂ ತಿಳಿಯದಿದ್ದ ಹೊತ್ತಿನಲ್ಲಿ, ಎಂಬತ್ತೈದನೆಯ ನಿಮಿಷಕ್ಕೆ ಏನಾಗುತ್ತದೆಂದು ತಿಳಿದಿರುವುದೂ ಒಂದು ಆಸರೆಯೇ.

ಅಕ್ಕ ಈ ಚಿತ್ರಗಳನ್ನು ಒಣಗಿದ ಬಟ್ಟೆ ಮಡಿಚುತ್ತಾ ನೋಡುತ್ತಿದ್ದಳು. ಕೊನೆಯ ಮಡಿಕೆ ಮುಗಿದ ಕೂಡಲೇ, ಚಿತ್ರ ಇನ್ನೂ ಐದು ನಿಮಿಷ ಉಳಿದಿದ್ದರೂ, ಬುಟ್ಟಿ ಎತ್ತಿಕೊಂಡು ಮಲಗಲು ಹೊರಟುಬಿಡುತ್ತಿದ್ದಳು. ಮುಗಿಯುವವರೆಗಾದರೂ ಕೂರಬಾರದೇ ಎಂದು ನಾನೊಮ್ಮೆ ಕೇಳಿದ್ದಕ್ಕೆ ಮೆಟ್ಟಿಲು ಹತ್ತುತ್ತಲೇ ಹೇಳಿದಳು: “ಇನ್ನೇನಿದೆಯೋ, ಹಿಮ ಬೀಳುತ್ತೆ ಅಷ್ಟೆ. ನೀನು ನೋಡಿ ಟಿವಿ ಆರಿಸು.”

ನಮಸ್ಕಾರ.