ಕಾಕಾ ಅವರ ಹೊಸ ಕೋಣೆ, ಕೀಲಿಕೈ ಇಲ್ಲದ ಅಲಮಾರಿ | ಕಲಬುರಗಿ ವ್ಲಾಗ್

ಇದು ಬ್ರಹ್ಮಪುರದ ಒಂದು ಓಣಿ. ಸಾಮಾನು ತಂದ ಟಂಟಂ ಆಟೋ ಹಿಂದೆ ಮುಂದೆ ಆಡುತ್ತಿರುವುದು ಕಾಣಿಸ್ತಿದೆ ಅಲ್ವಾ? ಮೋರಿ ಮೇಲಿನ ಕಲ್ಲು ಎದ್ದು ನಿಂತಿದೆ, ಗಾಡಿ ಒಳಗೆ ಬರಲೇ ಇಲ್ಲ. ಅಲ್ಲಿಂದ ಎಲ್ಲವನ್ನೂ ಹೊತ್ತುಕೊಂಡೇ ಬಂದೆವು. ಆ ಭಾಗವನ್ನು ಫಾಸ್ಟ್ ಮಾಡಿದ್ದೇನೆ, ನೋಡ್ತಾ ಇರಿ.

ಹೊಸಬರಿಗೆ ಒಂದು ಮಾತು. ರಾತ್ರಿ ಆಶ್ರಯ ಕೇಂದ್ರ ಬಿಟ್ಟು ಬಾಡಿಗೆ ಕೋಣೆಗೆ ಹೋಗುವವರಿಗೆ ಸಾಮಾನು ಹೊಂದಿಸಿ ಕೊಡುತ್ತೇವೆ. ನಾವು ಸಂಸ್ಥೆ ಅಲ್ಲ, ಬೋರ್ಡ್ ಇಲ್ಲ, ಗೆಳೆಯರು ಅಷ್ಟೇ. ಈ ಕೋಣೆಗೆ ಬರುತ್ತಿರುವವರು ಒಬ್ಬ ಕಾಕಾ. ಹೋಟೆಲಿನಲ್ಲಿ ಪಾತ್ರೆ ತೊಳೆಯುವ ಕೆಲಸ. ಮುಖ ತೋರಿಸಬೇಡ ಅಂದಿದ್ದಾರೆ, ಅದಕ್ಕೇ ಕೈ ಮಾತ್ರ ಕಾಣುತ್ತದೆ. ಬಡವರ ಕೈಗೆ ನೋಟು ಇಟ್ಟು, ಅವರು ಅಳುವ ತನಕ ಕ್ಯಾಮೆರಾ ಹಿಡಿಯುವ ವಿಡಿಯೋಗಳು ಇವೆಯಲ್ಲ, ನನಗೆ ಅವನ್ನು ಕಂಡರೆ ಆಗಲ್ಲ. ವ್ಯೂಸ್ ಜಾಸ್ತಿ ಬರುತ್ತವೆ, ಗೊತ್ತು. ಬರಲಿ ಬಿಡಿ.

ಕೋಣೆ ಹತ್ತು ಅಡಿಗೆ ಹತ್ತು ಅಡಿ. ನೆಲಕ್ಕೆ ಶಹಾಬಾದ್ ಫರ್ಸಿ ಕಲ್ಲು, ಮೇಲೆ ಪತ್ರಾಸ್, ಅಂದರೆ ತಗಡಿನ ಛಾವಣಿ. ಸಣ್ಣದು ಅನಿಸುತ್ತಾ? ಕೇಂದ್ರ ಸರ್ಕಾರದ ನಗರ ಜೀವನೋಪಾಯ ಮಿಷನ್ ನಿಯಮದಲ್ಲಿ ಆಶ್ರಯ ಕೇಂದ್ರದಲ್ಲಿ ಒಬ್ಬರಿಗೆ ಕನಿಷ್ಠ 50 ಚದರ ಅಡಿ ಜಾಗ ಅಂತಿತ್ತು. ಇಲ್ಲಿ ಕಾಕಾ ಅವರಿಗೆ ಅದರ ಎರಡರಷ್ಟಿದೆ, ಜೊತೆಗೆ ಸ್ವಂತ ಬಾಗಿಲು. ಅದೇ ನಿಯಮದಲ್ಲಿ ಊರಿನ ಒಂದು ಲಕ್ಷ ಜನಸಂಖ್ಯೆಗೆ ಕನಿಷ್ಠ ನೂರು ಜನರಿಗೆ ಆಶ್ರಯ ಇರಬೇಕು ಅಂತಲೂ ಇತ್ತು. 2011ರಲ್ಲೇ ಕಲಬುರಗಿ 5 ಲಕ್ಷ ದಾಟಿತ್ತು. ಲೆಕ್ಕ ನೀವೇ ಹಾಕಿ. ಆ ಜನಗಣತಿಯಲ್ಲಿ ಮನೆ ಇಲ್ಲದವರನ್ನು ಫೆಬ್ರುವರಿ 28ರ ಒಂದೇ ರಾತ್ರಿಯಲ್ಲಿ ಎಣಿಸಿದರು, ದೇಶಕ್ಕೆಲ್ಲ ಸೇರಿ ಸುಮಾರು 17.7 ಲಕ್ಷ ಬಂತು. ಕಾಕಾ ಆಗ ಹೋಟೆಲಿನ ಅಡುಗೆಮನೆಯಲ್ಲೇ ಮಲಗುತ್ತಿದ್ದರಂತೆ. ಅವರನ್ನು ಯಾರು ಎಣಿಸಿರುತ್ತಾರೆ ಹೇಳಿ?

ಹಾಂ, ಬಂತು ನೋಡಿ. ಅಲಮಾರಿ. ಇದರ ಕಥೆ ಕೇಳಿ.

ಕೊಟ್ಟವರು ಒಳ್ಳೆಯವರೇ. ಮನೆಗೆ ಹೊಸ ವಾರ್ಡ್‌ರೋಬ್ ಮಾಡಿಸಿದ್ದಾರೆ, ಇದನ್ನು ಎತ್ತಿಕೊಂಡು ಹೋಗಿ ಅಂದರು. ಎತ್ತುವಾಗ ಯಾರೂ ಬಾಗಿಲು ತೆಗೆದು ನೋಡಲಿಲ್ಲ. ಇಲ್ಲಿಗೆ ತಂದು ಎಳೆದರೆ ಬೀಗ ಬಿದ್ದಿದೆ. ಫೋನ್ ಮಾಡಿದೆ. "ಕೀಲಿಕೈ ಕಳದು ವರ್ಷ ಆದ್ವು ರೀ, ನಾವು ಹೇಳಿಲ್ಲೇನು?" ಇಲ್ಲ ಅಕ್ಕಾ, ಹೇಳಿಲ್ಲ.

ಬೀಗದ ಮಾತು ಆಮೇಲೆ, ಮೊದಲು ಅದು ಒಳಗೆ ಹೋಗಬೇಕಲ್ಲ. ಅಲಮಾರಿ ಆರೂವರೆ ಅಡಿ ಎತ್ತರ. ಬಾಗಿಲಲ್ಲಿ ಅಡ್ಡ ಮಲಗಿಸಿ ತಂದೆವು, ಸರಿ. ಒಳಗೆ ಎತ್ತಿ ನಿಲ್ಲಿಸಲು ಹೋದರೆ ಪತ್ರಾಸ್ ಹಿಂದಕ್ಕೆ ಇಳಿಜಾರು, ತಲೆ ತಾಗುತ್ತದೆ. ಢಣ್ ಅಂತ ಆ ಸದ್ದು ಕೇಳಿಸಿತಾ? ಮಾಲೀಕರ ಮನೆಯವರು ಓಡಿ ಬಂದರು. ಹಿಂದಿನ ಗೋಡೆಗೆ ಇಡುವ ಆಸೆ ಬಿಟ್ಟೆವು. ಎತ್ತರ ಇರುವುದು ಬಾಗಿಲ ಕಡೆ ಮಾತ್ರ, ಅಲ್ಲೇ ನಿಲ್ಲಿಸಿದೆವು. ಅಬ್ಬಾ ಅಂತ ಬೆವರು ಒರೆಸಿಕೊಂಡು ಲೈಟ್ ಹಾಕಲು ನೋಡಿದರೆ ಸ್ವಿಚ್‌ಬೋರ್ಡ್ ಕಾಣಿಸ್ತಿಲ್ಲ. ಅಲಮಾರಿ ಹಿಂದೆ ಇದೆ! ಮತ್ತೆ ಎಳೆ, ಮತ್ತೆ ದೂಡು. ಈಗ ಗೋಡೆಗೂ ಅಲಮಾರಿಗೂ ನಡುವೆ ಕೈ ತೂರಿಸುವಷ್ಟು ಸಂದಿ ಬಿಟ್ಟಿದ್ದೇವೆ. ಚಂದ ಇಲ್ಲ, ಒಪ್ಪಿಕೊಳ್ತೇನೆ.

ಆಮೇಲೆ ಕೀಲಿ ಮಾಡುವವರು ಬಂದರು. ಅಲಮಾರಿ ನೋಡಲಿಲ್ಲ, ನಮ್ಮನ್ನು ನೋಡಿದರು. "ಇದು ನಿಮ್ದ ಅಂತ ನಾ ಹೆಂಗ ನಂಬಲಿ?" ಅದೂ ಸರಿ ಅನ್ನಿ, ಯಾರದೋ ಅಲಮಾರಿ ಒಡೆಸುವವರು ಹೀಗೇ ಕರೆಯುತ್ತಾರೆ. ಕೊಟ್ಟ ಅಕ್ಕನಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿಸಿ ಸಾಕ್ಷಿ ಹೇಳಿಸಬೇಕಾಯಿತು. 500 ರೂಪಾಯಿ ಕೇಳಿದರು. ಅಲಮಾರಿ ಪುಕ್ಕಟೆ, ಕೀಲಿಕೈಗೆ 500! ಜಗ್ಗಾಡಿ 350ಕ್ಕೆ ಇಳಿಸಿದೆ. ಟಂಟಂ ಬಾಡಿಗೆ 600. ಒಟ್ಟು 950. ಇಷ್ಟರಲ್ಲಿ ಹಂಚು, ಪರಾತ, ಬಕೆಟ್, ಕೊಡ ಎಲ್ಲಾ ಬರುತ್ತಿತ್ತು.

ಬಾಗಿಲು ತೆರೆದಾಗ ಒಳಗೆ ಏನಿತ್ತು ಗೊತ್ತಾ? ಕ್ಯಾರಿಬ್ಯಾಗ್. ಒಂದು ಕ್ಯಾರಿಬ್ಯಾಗ್ ತುಂಬ ಮಡಚಿಟ್ಟ ಕ್ಯಾರಿಬ್ಯಾಗ್‌ಗಳು. ಕಾಕಾ ಒಂದು ನಿಮಿಷ ಅದನ್ನೇ ನೋಡಿ, "ಯವ್ವಾ, ಇದರಾಗ ನಾ ಏನ್ ಇಡ್ಲಿ? ನಂದು ಎರಡ ಅಂಗಿ" ಅಂದರು.

ಅಲ್ಲೇ ವಾಪಸ್ ಕಳಿಸಿಬಿಡೋಣ ಅಂತ ಇದ್ದೆ. ಅಷ್ಟರಲ್ಲಿ ಕಾಕಾ ಒಳಗಿನ ಸಣ್ಣ ಖಾನೆ ನೋಡಿದರು, ಬೇರೆ ಬೀಗ ಇರುವುದು. ಅಂಗಿ ಒಳಗಿಂದ ಪ್ಲಾಸ್ಟಿಕ್ ಕವರ್ ತೆಗೆದರು. ಆಧಾರ್, ಬ್ಯಾಂಕ್ ಪಾಸ್‌ಬುಕ್, ದವಾಖಾನೆ ಚೀಟಿ. ಮಳೆಯಲ್ಲಿ ಒಮ್ಮೆ ನೆಂದು, ಇನ್ನೊಮ್ಮೆ ಮಲಗಿದ್ದಾಗ ಚೀಲದ ಸಮೇತ ಕಳುವಾಗಿ, ಮತ್ತೆ ಮಾಡಿಸಿದ ಕಾಗದಗಳು ಅವು. ಅಲ್ಲಿಂದ ಮುಂದೆ ಅವನ್ನು ಮೈಮೇಲೇ ಇಟ್ಟುಕೊಂಡು ಮಲಗುತ್ತಿದ್ದರು. ಆ ಖಾನೆಯಲ್ಲಿಟ್ಟು, ತಿರುಗಿಸಿ, ಎಳೆದು ನೋಡಿ, ಕೀಲಿಕೈಯನ್ನು ಉಡದಾರಕ್ಕೆ ಕಟ್ಟಿಕೊಂಡರು. ಅಲಮಾರಿ ಇರಲಿ. 950 ಈಗಲೂ ಜಾಸ್ತಿನೇ.

ಇದು ಕೂಲರ್. ಒಳಗೆ ಇಡಬೇಡಿ, ಪ್ಲೀಸ್. ಕಿಟಕಿ ಹೊರಗೆ ಇಟ್ಟರೆ ಒಣ ಗಾಳಿ ಎಳೆದುಕೊಂಡು ತಂಪು ಮಾಡುತ್ತದೆ. ಬಾಗಿಲು ಹಾಕಿದ ಕೋಣೆಯೊಳಗೆ ಇಟ್ಟರೆ ಬರೀ ಹಸಿ ಹಸಿ. ನಮ್ಮೂರಲ್ಲಿ ಮೇ ತಿಂಗಳು 43, 44 ಡಿಗ್ರಿ, ಮೇಲೆ ಪತ್ರಾಸ್, ರೊಟ್ಟಿ ಹಂಚಿನ ಕೆಳಗೆ ಕೂತ ಹಾಗೆ. ಟಿವಿ ಕೊಡುತ್ತೇವೆ ಅಂತ ಫೋನ್ ಮಾಡುವವರು ಬಹಳ, ಕೂಲರ್ ಕೊಡುವವರಿಲ್ಲ. ಇದು ಹಳೆಯದು, ಹುಲ್ಲು ಮಾತ್ರ ಹೊಸದು ಹಾಕಿಸಿದೆವು. ಕರೆಂಟ್ ಬಿಲ್ ಬಗ್ಗೆ ಕೇಳುತ್ತೀರಿ ಅಂತ ಗೊತ್ತು. ಗೃಹಜ್ಯೋತಿಯ 200 ಯೂನಿಟ್ ಮಿತಿಯಲ್ಲಿ ಬಾಡಿಗೆಯವರಿಗೂ ಅವಕಾಶ ಇದೆ. ಆದರೆ ಇಲ್ಲಿ ಮಾಲೀಕರ ಮನೆಗೂ ಈ ಕೋಣೆಗೂ ಒಂದೇ ಮೀಟರ್. ಅದನ್ನು ಅವರ ಜೊತೆ ಕೂತು ಮಾತಾಡಬೇಕು, ಈ ವಿಡಿಯೋದಲ್ಲಿ ಬೇಡ.

ಮಲಗಲು ಕಬ್ಬಿಣದ ಮಂಚ ಬೇಡ, ಹೊರಸು ಬೇಕು ಅಂದರು. ನವಾರ ಹೆಣೆದದ್ದು. ಸೆಕೆ ಆದರೆ ಎತ್ತಿಕೊಂಡು ಹೊರಗೆ ಹಾಕಬಹುದು. ನಾಲ್ಕು ಗೋಡೆ, ಮುಚ್ಚಿದ ಬಾಗಿಲು, ಅದರೊಳಗೆ ನಿದ್ದೆ ಬರಲ್ಲ ಅಂತ ಹೇಳುವವರು ಬಹಳ ಜನ. ಕಾಕಾ ಕೂಡ ಹೊರಸಿನ ತಲೆಯನ್ನು ಬಾಗಿಲ ಕಡೆಗೇ ಇಟ್ಟಿದ್ದಾರೆ. ನಾನು ತಿರುಗಿಸಲು ಹೋದೆ, ಕೈ ಹಿಡಿದು ತಡೆದರು. ಮಂಚದ ಮೇಲೆ ದಪ್ಪ ಗಾದಿ ಹಾಕಿದರೆ ಫೋಟೋ ಚೆನ್ನಾಗಿ ಬರುತ್ತಿತ್ತು, ನಿಜ.

ಅಡುಗೆ ಮೂಲೆ. ಇಂದಿರಾ ಕ್ಯಾಂಟೀನಿನಲ್ಲಿ 10 ರೂಪಾಯಿಗೆ ಊಟ ಸಿಗುತ್ತದೆ, ಶರಣಬಸವೇಶ್ವರ ಗುಡಿಯಲ್ಲಿ ದಾಸೋಹ ಇದೆ, ಒಲೆ ಯಾಕೆ ಅಂತ ಒಬ್ಬರು ಕೇಳಿದ್ದರು. ಯಾಕೆ ಅಂದರೆ ಕಾಕಾ ಅವರಿಗೆ ಖಾರಬ್ಯಾಳಿ ಬೇಕು, ಅಷ್ಟೇ. ತೊಗರಿ ನಾಡಿನವರು, ಬೇಳೆ ಗಟ್ಟಿ ಇರಬೇಕು. ಸಿಲಿಂಡರ್ ಐದು ಕಿಲೋದ್ದು, ಛೋಟು. ವಿಳಾಸದ ದಾಖಲೆ ಕೇಳಲ್ಲ, ಗುರುತಿನ ಚೀಟಿ ಸಾಕು. ಈಗಷ್ಟೇ ಮನೆ ಸೇರಿದವರಿಗೆ ಇದಕ್ಕಿಂತ ಸುಲಭದ್ದು ಇಲ್ಲ. ರೊಟ್ಟಿ ಬಡಿಯಲು ಬರುತ್ತಾ ಕಾಕಾ ಅಂದರೆ ನಕ್ಕರು, ಖಾನಾವಳಿಯಿಂದ ತರ್ತಾರಂತೆ.

ಶೆಲ್ಫ್ ಕೂರಿಸುವುದನ್ನು ತೋರಿಸುವಷ್ಟರಲ್ಲಿ ಬ್ಯಾಟರಿ ಕೆಂಪಾಯಿತು. ಬೇಗ ಹೇಳಿಬಿಡುತ್ತೇನೆ. ಮುಂದಿನ ಕೋಣೆ ತಾಯಿ ಮಗಳದು, ಸ್ಟೇಷನ್ ಕಡೆ. ಅವರಿಗೆ ಎರಡು ಕೊಡ, ಒಂದು ಕನ್ನಡಿ, ಸೊಳ್ಳೆಪರದೆ, ಬಟ್ಟೆ ಒಣಹಾಕುವ ಹಗ್ಗ ಬೇಕು. ಸೋಫಾ ಬೇಡ. ದಯವಿಟ್ಟು ಸೋಫಾ ಬೇಡ. ಅಲಮಾರಿ ಕೊಡುವವರು ಮೊದಲು ಕೀಲಿಕೈ ಹುಡುಕಿ, ಆಮೇಲೆ ಫೋನ್ ಮಾಡಿ. ಟಂಟಂ ಅಣ್ಣ ಆಗಿನಿಂದ ಹಾರ್ನ್ ಹೊಡೆಯುತ್ತಿದ್ದಾರೆ, ವೇಟಿಂಗ್ ಹಾಕ್ತಾರೆ, ಹೊರಟೆ.