ಅರಿವಿ ಯಾವಾಗ ಒಗೀಬೇಕು?

(ಸಿಂಧನೂರಿನಲ್ಲಿ ಸ್ತ್ರೀಶಕ್ತಿ ಗುಂಪುಗಳ ಸದಸ್ಯರ ಮುಂದೆ ಮಾಡಿದ ಉಪನ್ಯಾಸ)

ತಾಯಂದಿರೇ, ಅಕ್ಕಂದಿರೇ, ಹಿಂದಿನ ಸಾಲಿನಲ್ಲಿ ಕುಳಿತಿರುವ ಅಣ್ಣಂದಿರೇ, ಎಲ್ಲರಿಗೂ ಶರಣು.

ನಮ್ಮ ಕಡೆ ಒಗ್ಯಾಣದ ದಿನವನ್ನು ಗೊತ್ತುಮಾಡುವುದು ನಳ. ನೀರು ಬಂದ ದಿನ ಬ್ಯಾರಲ್ ತುಂಬಬೇಕು, ಕೊಡ ತುಂಬಬೇಕು, ಮಾಳಿಗೆ ಮೇಲಿನ ಸಿಂಟೆಕ್ಸ್ ತುಂಬಬೇಕು, ಅದೇ ಹೊತ್ತಿಗೆ ಮೂಲೆಯಲ್ಲಿ ಗುಡ್ಡೆ ಬಿದ್ದ ಅರಿವಿಯನ್ನೂ ಮುಗಿಸಬೇಕು. ಹೀಗಾಗಿ ಎಲ್ಲವೂ ಒಂದೇ ನೀರಿಗೆ ಬೀಳುತ್ತವೆ: ಕೂಸಿನ ಅಂಗಿ, ಹೊಲದಿಂದ ಬಂದವರ ಪ್ಯಾಂಟು, ಒಂದು ತಾಸು ಉಟ್ಟು ಬಿಚ್ಚಿದ ಸೀರೆ, ವಾರದ ಟುವಾಲು. ಒಗೆಯಬೇಕಾದದ್ದು ತಡವಾಗುತ್ತದೆ, ಒಗೆಯಬೇಕಿಲ್ಲದ್ದು ಸುಮ್ಮನೆ ನೀರು ಕುಡಿಯುತ್ತದೆ.

ನಾನು ಇವತ್ತು ಹೇಳುವುದು ಒಂದೇ ಮಾತು. ಎಷ್ಟು ದಿನ ಆಯಿತು ಎಂದು ಎಣಿಸಿ ಒಗೆಯಬೇಡಿ. ಅರಿವಿ ಮೈಗೆ ಎಷ್ಟು ಅಂಟಿಕೊಂಡಿತ್ತು, ಏನನ್ನು ಮುಟ್ಟಿ ಬಂತು, ಅದನ್ನು ನೋಡಿ ಒಗೆಯಿರಿ.

ಮೈಗೆ ಅಂಟಿಕೊಂಡವು ಯಾವುವು? ಚಡ್ಡಿ, ಬನಿಯನ್, ಬ್ರಾ, ಕಾಲುಚೀಲ. ಇವುಗಳಲ್ಲಿ ಬೆವರಷ್ಟೇ ಇರುವುದಿಲ್ಲ, ಮೈಯಿಂದ ಉದುರಿದ ಚರ್ಮದ ಹೊಟ್ಟು, ಎಣ್ಣೆ, ಅದನ್ನು ತಿಂದು ಬೆಳೆಯುವ ಬ್ಯಾಕ್ಟೀರಿಯಾ ಎಲ್ಲ ಇರುತ್ತವೆ. ಬೆವರಿಗೆ ಸ್ವತಃ ಅಷ್ಟು ನಾತ ಇರುವುದಿಲ್ಲ, ಬ್ಯಾಕ್ಟೀರಿಯಾ ಅದರ ಮೇಲೆ ಕೆಲಸ ಮಾಡಿದ ಮೇಲೆಯೇ ನಾತ. ಇವನ್ನು ಒಮ್ಮೆ ತೊಟ್ಟರೆ ಒಗೆಯಲೇಬೇಕು, ನಳ ಬರಲಿ ಬಿಡಲಿ. ಸ್ನಾನಕ್ಕೆ ಹೋದವರು ಅರ್ಧ ಬಕೀಟು ನೀರಿನಲ್ಲಿ ತಮ್ಮದನ್ನು ತಾವೇ ಒಗೆದು ತಂತಿಗೆ ಹಾಕಿ ಬರಬಹುದು. ಇಷ್ಟೊಂದು ಮಾಡಿದರೆ ನಳದ ದಿನದ ಗುಡ್ಡೆ ಸಣ್ಣದಾಗುತ್ತದೆ.

ಟುವಾಲಿನ ಲೆಕ್ಕ ನೋಡಿ. ಆರು ಮಂದಿಯ ಮನೆಯಲ್ಲಿ ದಿನಾ ಒಗೆದರೆ ವಾರಕ್ಕೆ 42. ಸ್ನಾನ ಮಾಡಿ ಶುದ್ಧವಾದ ಮೈಯನ್ನು ಒರೆಸಿದ್ದು ತಾನೆ? ಕೊಡವಿ ಬಿಸಿಲಿಗೆ ಹರವಿ, ಪೂರ್ತಿ ಒಣಗಿಸಿ ಮೂರು ಸಲ ಬಳಸಿದರೆ 14. ಆದರೆ ಒಂದು ಷರತ್ತು, ಒಬ್ಬರಿಗೆ ಒಂದೇ ಟುವಾಲು. ಬಾಗಿಲ ಹಿಂದಿನ ಮೊಳೆಗೆ ಮುದ್ದೆಯಾಗಿ ಸಿಕ್ಕಿಸಿದ ಟುವಾಲಿಗೆ ಈ ಲೆಕ್ಕ ನಡೆಯುವುದಿಲ್ಲ, ಅದು ಮಾರನೇ ದಿನವೇ ಮುಗ್ಗಲು ಹಿಡಿಯುತ್ತದೆ. ದಿಂಬಿನ ಗವಸಣಿಗೆ ಬೇಸಿಗೆಯಲ್ಲಿ ವಾರಕ್ಕೆ ಎರಡು ಸಲ, ಚಾದರಕ್ಕೆ ವಾರಕ್ಕೊಮ್ಮೆ. ಪ್ಯಾಂಟು, ಜೀನ್ಸ್ ಕಲೆಯಾಗದಿದ್ದರೆ ನಾಲ್ಕೈದು ಸಲ ಹಾಕಬಹುದು. ರೇಷ್ಮೆ ಸೀರೆಯನ್ನು ಮದುವೆಯಿಂದ ಬಂದ ಕೂಡಲೇ ಮಡಚಿ ಟ್ರಂಕಿಗೆ ಹಾಕಬೇಡಿ, ನೆರಳಿನಲ್ಲಿ ಒಂದು ಹೊತ್ತು ಗಾಳಿಗೆ ಬಿಡಿ, ಸಾಕು. ಕಾಟನ್ ಅಂಗಿ ಎರಡು ದಿನ ತಡೆಯುತ್ತದೆ, ಪಾಲಿಯೆಸ್ಟರ್ ಅಂಗಿ ತಡೆಯುವುದಿಲ್ಲ. ಪಾಲಿಯೆಸ್ಟರ್ ಎಳೆ ನೀರನ್ನು ಹೀರುವುದಿಲ್ಲ, ಮೈಯ ಎಣ್ಣೆಯನ್ನು ಮಾತ್ರ ಹಿಡಿದುಕೊಳ್ಳುತ್ತದೆ. ಮಕ್ಕಳ ಶಾಲೆಯ ಅಂಗಿ ಬಹುಪಾಲು ಅದೇ ಬಟ್ಟೆ, ಆದ್ದರಿಂದ ಅದು ದಿನಾ ನೀರು ಕಾಣಬೇಕು. ಅಡುಗೆಮನೆಯ ಮಸಿಬಟ್ಟೆಯೂ ಅಷ್ಟೆ. ಮನೆಯಲ್ಲಿ ಎಲ್ಲಕ್ಕಿಂತ ಹೊಲಸಾದದ್ದು ಅದೇ, ಎಲ್ಲಕ್ಕಿಂತ ಕಡಿಮೆ ಒಗೆಯುವುದೂ ಅದನ್ನೇ.

ಈಗ ನನ್ನ ಮನಸ್ಸಿಗೆ ಬಹಳ ಹತ್ತಿರದ ವಿಷಯಕ್ಕೆ ಬರುತ್ತೇನೆ. ಏನನ್ನು ಮುಟ್ಟಿ ಬಂತು ಎಂದೆನಲ್ಲ, ಅದು ನಮ್ಮ ತಾಲ್ಲೂಕಿಗೆ ಬೇರೆ ಊರಿಗಿಂತ ಹೆಚ್ಚು ಅನ್ವಯಿಸುತ್ತದೆ. ಇದು ಭತ್ತ, ಹತ್ತಿ, ಮೆಣಸಿನಕಾಯಿ ಬೆಳೆಯುವ ಸೀಮೆ. ಎಣ್ಣೆ, ಅಂದರೆ ಕೀಟನಾಶಕ, ಹೊಡೆಯದ ಹೊಲ ಇಲ್ಲ. ಬೆನ್ನಿಗೆ ಪಂಪು ಕಟ್ಟಿಕೊಂಡು ದಿನವಿಡೀ ಎಣ್ಣೆ ಹೊಡೆದವರು ಸಂಜೆ ಮನೆಗೆ ಬಂದು ಅಂಗಿ ಬಿಚ್ಚಿ ಎಲ್ಲಿ ಹಾಕುತ್ತಾರೆ? ಅದೇ ಗುಡ್ಡೆಯ ಮೇಲೆ. ಅದರ ಕೆಳಗೆ ಮೊಮ್ಮಗನ ಚಡ್ಡಿ ಇರುತ್ತದೆ. ಎರಡು ದಿನ ಆ ಗುಡ್ಡೆ ಹಾಗೇ ಕೂತಿರುತ್ತದೆ, ಆಮೇಲೆ ತಾಯಿ ಬರಿಗೈಯಲ್ಲಿ ಎಲ್ಲವನ್ನೂ ಒಟ್ಟಿಗೆ ನೆನೆ ಹಾಕುತ್ತಾಳೆ. ವಿಷ ಹೊಡೆದವರು ಒಬ್ಬರು, ಮುಟ್ಟಿದವರು ಮನೆಮಂದಿಯೆಲ್ಲ.

ದಯವಿಟ್ಟು ಇದನ್ನು ಇವತ್ತಿನಿಂದಲೇ ಬದಲಿಸಿ. ಎಣ್ಣೆ ಹೊಡೆದ ಅರಿವಿಯನ್ನು ಬಾಗಿಲ ಹೊರಗೇ ಬಿಚ್ಚಬೇಕು. ಅದಕ್ಕೊಂದು ಬೇರೆ ಬಕೀಟು ಇರಲಿ, ಆ ಬಕೀಟು ಮತ್ತಾವ ಕೆಲಸಕ್ಕೂ ಬರಬಾರದು. ಅದೇ ದಿನ ಒಗೆಯಬೇಕು, ಏಕೆಂದರೆ ಔಷಧ ಎಳೆಯಲ್ಲಿ ಕೂತಷ್ಟೂ ಬಿಡಿಸುವುದು ಕಷ್ಟ. ಕೈಗೆ ರಬ್ಬರ್ ಗವಸು ಹಾಕಿ, ಮೊದಲು ಬರೀ ನೀರಿನಲ್ಲಿ ಜಾಲಿಸಿ ಚೆಲ್ಲಿ, ಆಮೇಲೆ ಬಿಸಿನೀರು ಮತ್ತು ಪುಡಿ ಹಾಕಿ ಒಗೆದು, ಅನುಮಾನವಿದ್ದರೆ ಇನ್ನೊಮ್ಮೆ ಒಗೆದು, ಬಿಸಿಲಿಗೆ ಹಾಕಿ. ಆ ನೀರನ್ನು ಬಾವಿ, ಹಳ್ಳ, ದನ ನೀರು ಕುಡಿಯುವ ಬಾನಿಯ ಹತ್ತಿರ ಚೆಲ್ಲಬೇಡಿ. ಮಷಿನ್ನಿಗೆ ಹಾಕಿದ್ದರೆ, ಅದು ಮುಗಿದ ಮೇಲೆ ಪುಡಿ ಹಾಕಿ ಒಮ್ಮೆ ಖಾಲಿ ತಿರುಗಿಸಿ, ನಂತರವೇ ಉಳಿದ ಬಟ್ಟೆ. ಇನ್ನು ಡಬ್ಬಿಯ ನೀರು ಬೆರೆಸದ ಔಷಧವೇ ಅಂಗಿಯ ಮೇಲೆ ಚೆಲ್ಲಿ ಅಂಗಿ ತೋಯ್ದಿದ್ದರೆ, ಅದನ್ನು ಒಗೆಯಲು ಹೋಗಬೇಡಿ, ಅದರ ಆಸೆ ಬಿಡಿ. ಅಣ್ಣಂದಿರೇ, ಎಣ್ಣೆ ಹೊಡೆಯುವವರು ನೀವು. ಆ ಬಕೀಟನ್ನು ತಂದಿಡುವುದು, ಮೊದಲ ನೀರು ಜಾಲಿಸಿ ಚೆಲ್ಲುವುದು ನಿಮ್ಮ ಕೈಯಿಂದಲೇ ಆಗಲಿ ಎಂದು ಕೈಮುಗಿದು ಕೇಳುತ್ತೇನೆ.

ಇನ್ನೊಂದು ವಿಷಯ ಸಭೆಯಲ್ಲಿ ಮಾತಾಡಲು ನಾವು ಹಿಂಜರಿಯುತ್ತೇವೆ. ತಿಂಗಳ ಅರಿವಿ. ಬಟ್ಟೆ ಬಳಸುವುದು ತಪ್ಪಲ್ಲ, ಶುದ್ಧ ಕಾಟನ್ ಬಟ್ಟೆ ಒಳ್ಳೆಯದೇ. ತಪ್ಪಾಗುವುದು ಒಣಹಾಕುವಾಗ. ಯಾರ ಕಣ್ಣಿಗೂ ಬೀಳಬಾರದು ಎಂದು ಸೀರೆಯ ಅಡಿಯಲ್ಲಿ, ಬಚ್ಚಲ ಮೂಲೆಯಲ್ಲಿ ಹಾಕುತ್ತೇವೆ. ಅಲ್ಲಿ ಅದು ಪೂರ್ತಿ ಒಣಗುವುದೇ ಇಲ್ಲ, ಹಸಿ ಇದ್ದಲ್ಲಿ ಬೂಸು, ಬ್ಯಾಕ್ಟೀರಿಯಾ ಬೆಳೆಯುತ್ತವೆ, ಆಮೇಲೆ ತುರಿಕೆ, ಉರಿ. ರಕ್ತದ ಬಟ್ಟೆಯನ್ನು ಮೊದಲು ತಣ್ಣೀರಿನಲ್ಲಿ ನೆನೆಸಿ. ಬಿಸಿನೀರು ಮೊದಲೇ ಬಿದ್ದರೆ ರಕ್ತದ ಪ್ರೋಟೀನು ಹೆಪ್ಪುಗಟ್ಟಿ ಕಲೆ ಕೂತುಬಿಡುತ್ತದೆ. ಕಲೆ ಹೋದ ಮೇಲೆ ಸಬಕಾರ, ಬಿಸಿನೀರು, ಆಮೇಲೆ ನೇರ ಬಿಸಿಲು. ನಮ್ಮ ಹೆಣ್ಣುಮಕ್ಕಳಿಗೆ ತಂತಿಯ ಮೇಲೆ ಒಂದು ಗೇಣು ಜಾಗ ಬಿಡಲು ಮನೆಯವರೆಲ್ಲ ಒಪ್ಪಬೇಕು. ಇಷ್ಟು ಬಿಸಿಲು ಇರುವ ಜಿಲ್ಲೆಯಲ್ಲಿ ನಮ್ಮ ಮಕ್ಕಳಿಗೆ ಒಣಗಿದ ಬಟ್ಟೆ ಸಿಗದಿರುವುದು ನನಗೆ ಸಂಕಟದ ಸಂಗತಿ.

ಮನೆಯಲ್ಲಿ ಯಾರಿಗಾದರೂ ಹುಳುಕಡ್ಡಿ ಆಗಿದ್ದರೆ ಅವರ ಟುವಾಲು, ಒಳಬಟ್ಟೆ, ಚಾದರ ಬೇರೆ. ಬಿಸಿನೀರಿನಲ್ಲಿ ಒಗೆದು, ಬಿಸಿಲಲ್ಲಿ ಒಣಗಿಸಿ, ಇಸ್ತ್ರಿ ಮಾಡಿ. ಹಾಸ್ಟೆಲಿನಿಂದ ಬಂದ ಮಕ್ಕಳು ಕಜ್ಜಿ ತಂದರೆ ಇದೇ ಕ್ರಮ, ಜೊತೆಗೆ ಮನೆಯವರೆಲ್ಲ ಒಟ್ಟಿಗೆ ಔಷಧ ಹಚ್ಚಿಕೊಳ್ಳಬೇಕು. ಒಗೆಯಲಾಗದ ರಗ್ಗು, ಸ್ವೆಟರು ಇದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಒಂದು ವಾರ ಇಡಿ. ಕಜ್ಜಿಯ ಹುಳು ಮನುಷ್ಯನ ಮೈ ಬಿಟ್ಟು ಸಾಮಾನ್ಯವಾಗಿ ಎರಡು-ಮೂರು ದಿನಕ್ಕಿಂತ ಹೆಚ್ಚು ಬದುಕುವುದಿಲ್ಲ.

ಇದೆಲ್ಲ ಹೊಸ ಜ್ಞಾನವಲ್ಲ. ನಮ್ಮ ಮಡಿವಾಳರು ಉಬ್ಬೆ ಹಾಕುತ್ತಿದ್ದರಲ್ಲ, ಸವುಳು ಮಣ್ಣಿನ ನೀರಿನಲ್ಲಿ ಅದ್ದಿದ ಬಟ್ಟೆಯನ್ನು ಗಡಿಗೆಯ ಮೇಲೆ ಹಬೆಯಲ್ಲಿ ಬೇಯಿಸುತ್ತಿದ್ದರು. ಕ್ಷಾರ, ಶಾಖ, ಆಮೇಲೆ ದಂಡೆಯ ಮೇಲಿನ ಬಿಸಿಲು, ಮೂರೂ ಸೇರಿ ರೋಗದ ಬಟ್ಟೆಯನ್ನೂ ಶುದ್ಧ ಮಾಡುತ್ತಿದ್ದವು. ಯಾವುದನ್ನು ಉಬ್ಬೆಗೆ ಹಾಕಬೇಕು, ಯಾವುದನ್ನು ಬರೀ ನೀರಲ್ಲಿ ಎತ್ತಬೇಕು ಎಂದು ಅವರು ಕೈಗೆತ್ತಿಕೊಂಡ ಕೂಡಲೇ ಬೇರ್ಪಡಿಸುತ್ತಿದ್ದರು. ಕೇರುಬೀಜದ ರಸದಿಂದ ಗುರುತು ಹಾಕಿದರೆ ಯಾರ ಮನೆಯ ಬಟ್ಟೆಯೂ ಅದಲುಬದಲಾಗುತ್ತಿರಲಿಲ್ಲ. 12ನೇ ಶತಮಾನದಲ್ಲಿ ಕಲ್ಯಾಣದ ಶರಣರ ಸಾಲಿನಲ್ಲಿ ಮಡಿವಾಳ ಮಾಚಿದೇವರು ಇದೇ ಕಾಯಕ ಮಾಡಿದವರು, ಪ್ರತಿ ವರ್ಷ ಫೆಬ್ರುವರಿ 1ಕ್ಕೆ ಅವರ ಜಯಂತಿ ಮಾಡುತ್ತೇವೆ. ಆ ಕಾಯಕದ ಒಳಗಿದ್ದ ತಿಳಿವಳಿಕೆಯನ್ನೂ ಅಷ್ಟೇ ಗೌರವದಿಂದ ಕಲಿಯಬೇಕೆಂಬುದು ನನ್ನ ಆಸೆ.

ನೀರಿನ ಮಾತು ಸ್ವಲ್ಪ. ಬೋರಿನ ನೀರು ಬಳಸುವವರು ಒಂದು ಪರೀಕ್ಷೆ ಮಾಡಿ. ಪಾರದರ್ಶಕ ಬಾಟಲಿಗೆ ಅರ್ಧ ನೀರು ಹಾಕಿ, ಸಬಕಾರದ ಸಣ್ಣ ಚೂರು ಕೆರೆದು ಹಾಕಿ, ಮುಚ್ಚಿ ಜೋರಾಗಿ ಅಲುಗಾಡಿಸಿ. ನೊರೆ ಎದ್ದು ಕೆಳಗಿನ ನೀರು ತಿಳಿಯಾಗಿದ್ದರೆ ಮೆದು ನೀರು. ನೊರೆ ಏಳದೆ, ಒಡೆದ ಹಾಲಿನಂತೆ ಬಿಳಿ ಚೂರು ತೇಲಿದರೆ ಗಡುಸು ನೀರು. ಅದರಲ್ಲಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಸಬಕಾರವನ್ನೇ ತಿಂದುಬಿಡುತ್ತವೆ. ಬಿಳಿ ಅಂಗಿ ಬೂದಿ ಬಣ್ಣಕ್ಕೆ ತಿರುಗುವುದು, ಟುವಾಲು ಸೆಟೆದು ಮೈ ಕೆರೆಯುವುದು ಆ ಚೂರು ಎಳೆಯಲ್ಲಿ ಕೂತದ್ದರಿಂದ. ಅಂಥ ನೀರಿಗೆ ಸಬಕಾರಕ್ಕಿಂತ ಡಿಟರ್ಜೆಂಟ್ ಪುಡಿ ಮೇಲು. ಸ್ವಲ್ಪ ವಾಷಿಂಗ್ ಸೋಡಾ ಕರಗಿಸಿದರೆ ನೀರು ಮೆದುವಾಗುತ್ತದೆ, ಆದರೆ ರೇಷ್ಮೆ, ಉಣ್ಣೆಗೆ ಅದು ಬೇಡ. ಪುಡಿ ಹೆಚ್ಚು ಸುರಿದರೆ ಹೆಚ್ಚು ಶುದ್ಧ ಎಂಬ ನಂಬಿಕೆ ಬಿಡಿ. ಹೆಚ್ಚಾದ ಪುಡಿಯನ್ನು ಜಾಲಿಸಲು ಇನ್ನೆರಡು ಕೊಡ ನೀರು ಬೇಕು, ನಮ್ಮಲ್ಲಿ ಇಲ್ಲದಿರುವುದು ಅದೇ. ರಾತ್ರಿಯೆಲ್ಲ ನೆನೆಸುವುದೂ ಬೇಡ, ಅರ್ಧ ತಾಸು ಸಾಕು. ಕೊನೆಯ ಸಲ ಜಾಲಿಸಿದ ನೀರು ಮುಂದಿನ ಸುತ್ತಿಗೆ ಮೊದಲ ನೀರಾಗಲಿ, ಆಮೇಲೆ ಪಾಯಖಾನೆಗೆ ಹೋಗಲಿ. ಮಷಿನ್ ಕೊಳ್ಳುವವರು ಕೇಳುತ್ತಿರುತ್ತಾರೆ. ನಳ ದಿನಾ ಬಾರದ ಮನೆಗೆ ಸೆಮಿ ಆಟೊಮ್ಯಾಟಿಕ್ ಸರಿ ಎನ್ನುತ್ತೇನೆ, ಕೊಡದಿಂದ ನೀರು ಸುರಿಯಬಹುದು, ಅದೇ ನೀರಿನಲ್ಲಿ ಮೊದಲು ಬಿಳಿ, ಆಮೇಲೆ ಬಣ್ಣದ್ದು, ಕೊನೆಗೆ ಎಣ್ಣೆ ತಾಗದ ಹೊಲದ್ದು ತೆಗೆಯಬಹುದು.

ಮಹಾನವಮಿ ಮುಂದೆ ಕೌದಿ, ಜಮಖಾನ ಎಲ್ಲ ಹೊರಬೀಳುತ್ತವೆ. ಕೌದಿಗೆ ವರ್ಷಕ್ಕೆ ಎರಡು ಒಗೆತ ಸಾಕು, ನಡುವೆ ತಿಂಗಳಿಗೊಮ್ಮೆ ಬಿಸಿಲಿಗೆ ಹಾಕಿ ಕೋಲಿನಿಂದ ಬಡಿದು ಧೂಳು ಕೊಡವಿ. ಅದನ್ನು ಒಗೆಯಲು ಕಾಲುವೆಗೆ ಹೋಗುವವರಿಗೆ ಒಂದು ವಿನಂತಿ. ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ಮೇಲೆ ನಿಂತಂತೆ ಕಾಣುವ ನೀರು ಒಳಗೆ ಸೆಳೆಯುತ್ತದೆ, ಇಳಿಜಾರಿನ ಕಲ್ಲಿನ ಮೇಲೆ ಪಾಚಿ. ನೆನೆದ ಕೌದಿಯ ಭಾರ ಆಳನ್ನೇ ಎಳೆದುಕೊಂಡು ಹೋಗುತ್ತದೆ. ಒಬ್ಬರೇ ಹೋಗಬೇಡಿ, ಮಕ್ಕಳನ್ನು ಕರೆದೊಯ್ಯಬೇಡಿ, ಕೌದಿ ಕೈಜಾರಿದರೆ ಹೋಗಲಿ ಬಿಡಿ.

ಇನ್ನು ಕಲೆಗಳು. ಎರಿ ಮಣ್ಣಿನ ಕೆಸರನ್ನು ಹಸಿ ಇರುವಾಗ ತಿಕ್ಕಬೇಡಿ, ಒಳಗೆ ಇಳಿಯುತ್ತದೆ. ಒಣಗಲು ಬಿಡಿ, ಕೊಡವಿದರೆ ಮುಕ್ಕಾಲು ಪಾಲು ಉದುರುತ್ತದೆ, ಉಳಿದದ್ದಕ್ಕೆ ನೀರು. ಹೊಸ ಇಳಕಲ್ ಸೀರೆಯ ಅಂಚಿನ ಮೂಲೆಯನ್ನು ಒದ್ದೆ ಬಿಳಿ ಬಟ್ಟೆಯಿಂದ ಒತ್ತಿ ನೋಡಿ, ಬಣ್ಣ ಹತ್ತಿದರೆ ಮೊದಲ ಕೆಲವು ಸಲ ತಣ್ಣೀರಿನಲ್ಲಿ ಬೇರೆಯಾಗಿಯೇ ಎತ್ತಿ ನೆರಳಿನಲ್ಲಿ ಒಣಗಿಸಿ. ಅರಿಷಿಣದ ಕಲೆಗೆ ಸಬಕಾರ ಹಚ್ಚಿದ ಕೂಡಲೇ ಕೆಂಪಗಾಗುತ್ತದೆ, ಕುಂಕುಮ ಬಿದ್ದಂತೆ. ಗಾಬರಿ ಬೇಡ. ಸಬಕಾರದ ಕ್ಷಾರಕ್ಕೆ ಅರಿಷಿಣ ತಿರುಗುವ ಬಣ್ಣ ಅದು. ಚೆನ್ನಾಗಿ ಜಾಲಿಸಿದರೆ ಮತ್ತೆ ಹಳದಿಗೆ ಬರುತ್ತದೆ, ಆ ಹಳದಿಯನ್ನು ಬಿಸಿಲು ತಿನ್ನುತ್ತದೆ. ಕಲೆಯ ಕಡೆ ಮೇಲೆ ಮಾಡಿ ಹರವಿ, ನಮ್ಮ ಏಪ್ರಿಲ್ ಬಿಸಿಲಿಗೆ ಅದು ಹೆಚ್ಚು ಹೊತ್ತು ನಿಲ್ಲುವುದಿಲ್ಲ.

ಕಲೆಯಾದ ಅರಿವಿ ಇದ್ದರೆ ತನ್ನಿ ಎಂದು ಹೇಳಿ ಕಳಿಸಿದ್ದೆ. ತಂದವರು ಮುಂದೆ ಬನ್ನಿ, ಇಲ್ಲೇ ಬಕೀಟು, ಸೋಡಾ, ನಿಂಬೆಹಣ್ಣು ಇಟ್ಟಿದ್ದೇವೆ. ಮೊದಲು ಎಣ್ಣೆ ಜಿಡ್ಡಿನ ಕಾಲರ್ ತಂದವರಿಂದ ಶುರು ಮಾಡೋಣ.