ಕರೆಂಟ್ ಇಲ್ಲದ ಕಡೆ ಬ್ಯಾಟರಿ ಚಾರ್ಜ್

ಕೇಳುಗರೆಲ್ಲರಿಗೂ ನಮಸ್ಕಾರ.

ಮಲೆನಾಡಿನ ಮಳೆಗಾಲ ಕಂಡವರಿಗೆ ಇದು ಗೊತ್ತು. ಲೈನಿನ ಮೇಲೆ ಮರ ಬಿತ್ತು ಅಂದರೆ ಮೂರ್ನಾಲ್ಕು ದಿನ ಕರೆಂಟ್ ಬರುವುದಿಲ್ಲ. ಸರಿಯಾಗಿ ಅದೇ ಹೊತ್ತಿಗೆ ತೋಟದ ಜೀಪಿನ ಸೆಲ್ಫ್ ಹೊಡೆದರೆ ಟಕ್ ಅಂದು ಸುಮ್ಮನಾಗುತ್ತದೆ. ಬ್ಯಾಟರಿ ಡೌನ್. ಪೇಟೆಗೆ ಒಯ್ದು ಚಾರ್ಜಿಗೆ ಹಾಕೋಣ ಅಂದರೆ, ಒಯ್ಯಬೇಕಾದ ಗಾಡಿಯೇ ಅದಲ್ವಾ? ಇಂಥ ದಿನಕ್ಕೆ ಅಂತಲೇ ನಾನೊಂದು ಚಾರ್ಜರ್ ಕಟ್ಟಿಕೊಂಡಿದ್ದೇನೆ. ಇಬ್ಬರು ಹಿಡಿದರೆ ಎಲ್ಲಿಗೆ ಬೇಕಾದರೂ ಹೊರಬಹುದು.

ಉಪಾಯ ಹಳೆಯದು. ಅಮೆರಿಕದ ಒಹಾಯೊದಲ್ಲಿ 1916ರಲ್ಲೇ ಚಾರ್ಲ್ಸ್ ಕೆಟ್ಟರಿಂಗ್ ಅವರು ಡೆಲ್ಕೊ-ಲೈಟ್ ಅನ್ನೋ 32 ವೋಲ್ಟಿನ ಸೆಟ್ ತಂದರು. ಲೈನ್ ಎಳೆಯದ ಹಳ್ಳಿಮನೆಗಳಲ್ಲಿ ಎಂಜಿನ್ ಓಡಿಸಿ ಬ್ಯಾಟರಿ ತುಂಬಿಸಿ ದೀಪ ಉರಿಸುತ್ತಿದ್ದರು.

ನಮ್ಮದಕ್ಕೆ ಬೇಕಾದದ್ದು ಹೊಳೆಯಿಂದ ನೀರೆತ್ತುವ ಪಂಪಿನ 3 ಎಚ್‌ಪಿ ಪೆಟ್ರೋಲ್ ಎಂಜಿನ್, ಗುಜರಿಯಲ್ಲಿ ಸಿಗುವ ಕಾರಿನ ಆಲ್ಟರ್ನೇಟರ್, ಅಂದರೆ ತಿರುಗಿಸಿದರೆ ಕರೆಂಟ್ ಹುಟ್ಟಿಸುವ ಭಾಗ, ಎಂಜಿನ್ನಿನಿಂದ ಅದನ್ನು ತಿರುಗಿಸಲು ಒಂದು ಬೆಲ್ಟ್. ಎಂಜಿನ್, ಆಲ್ಟರ್ನೇಟರ್ ಎರಡನ್ನೂ ಆಂಗಲ್ ಕಬ್ಬಿಣದ ಫ್ರೇಮಿಗೆ ಬೋಲ್ಟ್ ಮಾಡಬೇಕು. 14 ವೋಲ್ಟಿನಲ್ಲಿ 40 ಆಂಪಿಯರ್ ಅಂದರೆ 560 ವಾಟ್. ಆಲ್ಟರ್ನೇಟರ್ ಹೆಚ್ಚುಕಡಿಮೆ ಅಷ್ಟನ್ನೇ ಬಿಸಿ ಮಾಡಿಕೊಂಡು ಕಳೆಯುತ್ತದೆ. ಆದರೂ ಒಂದೂವರೆ ಎಚ್‌ಪಿಯಲ್ಲಿ ಕೆಲಸ ಮುಗಿಯುತ್ತದೆ. ಎಂಜಿನ್ನಿಗೆ 4 ಇಂಚಿನ ಪುಲ್ಲಿ, ಆಲ್ಟರ್ನೇಟರಿಗೆ ಎರಡೂವರೆ ಇಂಚಿನದು ಇದ್ದರೆ, ಎಂಜಿನ್ ನಿಮಿಷಕ್ಕೆ 2500 ಸುತ್ತು ತಿರುಗುವಾಗ ಆಲ್ಟರ್ನೇಟರ್ 4000 ಸುತ್ತು ತಿರುಗುತ್ತದೆ. ಬೆಲ್ಟಿನ ಮೇಲೆ ತಗಡಿನ ಮುಚ್ಚಳ ಇರಲೇಬೇಕು. ಹೆಗಲ ಮೇಲಿನ ಟವೆಲ್ ಜಾರಿ ಸಿಕ್ಕಿಕೊಳ್ಳಲು ಒಂದು ಕ್ಷಣ ಸಾಕು.

ಇಷ್ಟು ಕಟ್ಟಿ ಮೊದಲ ಸಲ ಓಡಿಸಿದಾಗ ಎಂಜಿನ್ ಭೋರ್ ಅಂತು, ಎಷ್ಟು ಕರೆಂಟ್ ಹರಿಯುತ್ತಿದೆ ಅಂತ ತೋರಿಸುವ ಆಂಪಿಯರ್ ಮೀಟರಿನ ಮುಳ್ಳು ಅಲ್ಲಾಡಲಿಲ್ಲ. ಕಾರಣ ಇಷ್ಟೇ. ಆಲ್ಟರ್ನೇಟರಿನ ಒಳಗಿರುವುದು ಸುರುಳಿ, ಅಯಸ್ಕಾಂತ ಅಲ್ಲ. ಮೊದಲು ಅದಕ್ಕೆ ಸ್ವಲ್ಪ ಕರೆಂಟ್ ಕೊಟ್ಟು ಎಬ್ಬಿಸಬೇಕು. ಕಾರಿನಲ್ಲಿ ಕೀ ತಿರುಗಿಸಿದಾಗ ಹತ್ತುವ ಬ್ಯಾಟರಿ ದೀಪ ಆ ಕೆಲಸ ಮಾಡುತ್ತದೆ. ಸತ್ತ ಬ್ಯಾಟರಿಗೆ ಅಷ್ಟೂ ಶಕ್ತಿ ಇರುವುದಿಲ್ಲ. ಹಾಗಾಗಿ ಫ್ರೇಮಿನ ಮೂಲೆಯಲ್ಲಿ ಬೈಕಿನ 12 ವೋಲ್ಟ್ ಬ್ಯಾಟರಿಯೊಂದನ್ನು ಕೂರಿಸಿದೆ. ಅದರಿಂದ ಒಂದು ಸ್ವಿಚ್ಚು, 3 ವಾಟಿನ ಬಲ್ಬು, ಅಲ್ಲಿಂದ ಆಲ್ಟರ್ನೇಟರಿನ ದೀಪದ ಟರ್ಮಿನಲ್ಲಿಗೆ ವೈರು. ಸ್ವಿಚ್ ಹಾಕಿದರೆ ಬಲ್ಬ್ ಕೆಂಪಗೆ ಉರಿಯುತ್ತದೆ. ಹಗ್ಗ ಎಳೆದು ಎಂಜಿನ್ ಎಬ್ಬಿಸಿ, ನಿಧಾನವಾಗಿ ಎಕ್ಸಲೇಟರ್ ಕೊಡುತ್ತಾ ಬನ್ನಿ. ಬಲ್ಬ್ ಮಂಕಾಗುತ್ತದೆ, ಇನ್ನೂ ಮಂಕಾಗುತ್ತದೆ, ಆರಿಬಿಡುತ್ತದೆ. ಅದೇ ಹೊತ್ತಿಗೆ ಎಂಜಿನ್ನಿನ ಸದ್ದು ದಪ್ಪವಾಗುತ್ತದೆ, ಮೀಟರಿನ ಮುಳ್ಳು ಏಳುತ್ತದೆ. ಎಷ್ಟು ಸಲ ನೋಡಿದರೂ ನನಗೆ ಆ ಗಳಿಗೆ ಬಲು ಖುಷಿ. ವೋಲ್ಟ್ 14.4ರ ಹತ್ತಿರ ಬಂದಾಗ ಮೇಲೆ ಹೋಗದಂತೆ ಒಳಗಿನ ರೆಗ್ಯುಲೇಟರ್ ಹಿಡಿದುಕೊಳ್ಳುತ್ತದೆ.

ಇನ್ನು ಆಲ್ಟರ್ನೇಟರಿನ ವೈರುಗಳನ್ನು ಜೀಪಿನ ಬ್ಯಾಟರಿಗೆ ಹಿಡಿಸುವ ಕ್ಲಿಪ್ ಹಾಕುವ ವಿಷಯ. ಒಂದು ಸಂಜೆ ಮಳೆಯಲ್ಲಿ ಅವಸರ ಮಾಡಿ ಕೆಂಪು, ಕಪ್ಪು ಅದಲುಬದಲು ಹಾಕಿದೆ. ಚಟ್ ಅಂತ ಕಿಡಿ, ಸುಟ್ಟ ವಾಸನೆ. ಆಲ್ಟರ್ನೇಟರಿನ ಒಳಗಿನ ಡಯೋಡ್, ಅಂದರೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ, ಅಷ್ಟೂ ಹೋದವು. ಅವತ್ತಿನಿಂದ ಟಾರ್ಚ್ ಹಾಕಿ ಪ್ಲಸ್ ಗುರುತು ನೋಡದೆ ನಾನು ಕ್ಲಿಪ್ ಹಿಡಿಯುವುದಿಲ್ಲ. ಎಂಜಿನ್ ಓಡುವಾಗ ಕ್ಲಿಪ್ ಕೀಳುವುದಂತೂ ಬೇಡವೇ ಬೇಡ. ವೋಲ್ಟ್ ಒಮ್ಮೆಲೇ ಜಿಗಿದು ಡಯೋಡ್ ಸುಡಬಹುದು. ಅದಕ್ಕಿಂತ ದೊಡ್ಡ ಅಪಾಯ, ಚಾರ್ಜ್ ಆಗುವ ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತಿರುತ್ತದೆ. ಒಂದು ಕಿಡಿ ತಾಗಿದರೆ ಬ್ಯಾಟರಿ ಸಿಡಿದು ಆಸಿಡ್ ಕಣ್ಣಿಗೆ ಹಾರುತ್ತದೆ. ಮೊದಲು ಎಂಜಿನ್ ಆಫ್, ಆಮೇಲೆ ಕ್ಲಿಪ್. ಮಳೆ ಅಂತ ಎಂಜಿನ್ನನ್ನು ಕೊಟ್ಟಿಗೆಯೊಳಗೆ ಇಟ್ಟು ಬಾಗಿಲು ಹಾಕಿಕೊಳ್ಳಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಆದರೆ ಜೀವ ತೆಗೆಯುತ್ತದೆ.

ಪೂರ್ತಿ ಖಾಲಿಯಾದ ಬ್ಯಾಟರಿ ಮೊದಮೊದಲು ಜಾಸ್ತಿ ಎಳೆಯುತ್ತದೆ. ಎಕ್ಸಲೇಟರ್ ಕಡಿಮೆ ಇಟ್ಟೇ ಶುರು ಮಾಡಿ. ಆಗಾಗ ಬ್ಯಾಟರಿಯ ಮೈ ಮುಟ್ಟಿ ನೋಡಿ, ಬಿಸಿ ಅನ್ನಿಸಿದರೆ ಇನ್ನೂ ಇಳಿಸಿ. ಪೂರ್ತಿ ತುಂಬಿಸಲು ಹಲವು ಗಂಟೆ ಬೇಕು, ಅದಕ್ಕಾಗಿ ಪೆಟ್ರೋಲ್ ಸುಡಬೇಡಿ. 30 ಆಂಪಿಯರಿನಂತೆ ಅರ್ಧ ಗಂಟೆ ಹೋದರೆ 15 ಆಂಪಿಯರ್-ಅವರ್ ಆಯಿತು. ಬ್ಯಾಟರಿ ಚೆನ್ನಾಗಿದ್ದರೆ ಜೀಪ್ ಸ್ಟಾರ್ಟ್ ಆಗಲು ಅಷ್ಟು ಸಾಕು. ಉಳಿದದ್ದನ್ನು ಪೇಟೆ ಮುಟ್ಟುವಷ್ಟರಲ್ಲಿ ಜೀಪಿನದೇ ಆಲ್ಟರ್ನೇಟರ್ ತುಂಬಿಸುತ್ತಾ ಹೋಗುತ್ತದೆ.

ನಮಸ್ಕಾರ.